ಗಾಂಜಾ, ತಂಬಾಕು ಮತ್ತು ಡಾಕ್ಟರಿಗೆ ಹೇಳದ ಮಾತು

ಸಿಗರೇಟನ್ನು ಎರಡು ಬೆರಳ ನಡುವೆ ಮೆಲ್ಲಗೆ ಉರುಳಿಸುತ್ತಾರೆ. ಒಳಗಿನ ತಂಬಾಕು ಸಡಿಲವಾಗಿ ಅಂಗೈಗೆ ಉದುರುತ್ತದೆ. ಖಾಲಿಯಾದ ಕೊಳವೆಯನ್ನು ಹರಿಯದ ಹಾಗೆ ಪಕ್ಕಕ್ಕಿಡುತ್ತಾರೆ. ಪೇಪರ್ ಪೊಟ್ಟಣದಿಂದ ಸೊಪ್ಪು ತೆಗೆದು, ಬೀಜ ಆರಿಸಿ, ಕಡ್ಡಿ ಬಿಸಾಕಿ, ಹೆಬ್ಬೆರಳಲ್ಲಿ ತಿಕ್ಕಿ ಪುಡಿ ಮಾಡುತ್ತಾರೆ. ಆಮೇಲೆ ಉದುರಿಸಿದ್ದ ತಂಬಾಕಿನಲ್ಲಿ ಅರ್ಧದಷ್ಟನ್ನು ಮತ್ತೆ ಅದಕ್ಕೇ ಬೆರೆಸಿ, ಕೊಳವೆಗೆ ತುಂಬಿ, ತುದಿ ತಿರುಚುತ್ತಾರೆ. ಬೆಂಗಳೂರಿನ ಬ್ಯಾಚುಲರ್ ರೂಮುಗಳ ಟೆರೇಸಿನಲ್ಲಿ ಈ ಕೆಲಸವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಾನು ಸೇದುವವನಲ್ಲ. ಆದರೆ ಸೇದುವವರ ಜೊತೆ ಒಂದೇ ರೂಮಿನಲ್ಲಿ ಬಾಡಿಗೆ ಹಂಚಿಕೊಂಡು ಬದುಕಿದವನು.

ಆ ಟೆರೇಸಿನಲ್ಲಿ ಗಾಂಜಾದ ಬಗ್ಗೆ ಎಲ್ಲ ಮಾತೂ ಆಗುತ್ತಿತ್ತು. ಯಾವ ಊರಿನ ಮಾಲು, ಎಷ್ಟು ಸ್ಟ್ರಾಂಗು, ಪೊಲೀಸರು ಯಾವ ರಸ್ತೆಯಲ್ಲಿ ಹಿಡಿಯುತ್ತಾರೆ, ಶಿವನೇ ಸೇದುತ್ತಿದ್ದ, ಇದು ಗಿಡಮೂಲಿಕೆ ಗುರೂ, ಇದರಿಂದ ಏನೂ ಆಗಲ್ಲ. ಅದೇ ಊರಿನ ಮನೆಗಳಲ್ಲಿ ಇದರ ಮಾತು ಬಂದರೆ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಹಾಳಾಗಿ ಹೋದ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಇದನ್ನು ಪ್ರಸಾದ ಅಂತ ಸೇದುತ್ತಾರೆ ಎಂದು 2020ರಲ್ಲಿ ಪತ್ರಿಕೆಗಳು ಬರೆದವು. ಅದೇ ವರ್ಷ ಸಿನಿಮಾದವರ ಡ್ರಗ್ಸ್ ಕೇಸು ತಿಂಗಳುಗಟ್ಟಲೆ ಟಿವಿಯಲ್ಲಿ ಓಡಿತು. ಒಂದು ಕಡೆ ಪ್ರಸಾದ, ಇನ್ನೊಂದು ಕಡೆ ಅಪರಾಧ. ಇವೆರಡರ ನಡುವೆ, ಸೇದುವವನ ಎದೆಯೊಳಗೆ ಏನಾಗುತ್ತಿದೆ ಅನ್ನೋ ಸಾದಾ ಪ್ರಶ್ನೆಗೆ ಜಾಗವೇ ಸಿಗಲಿಲ್ಲ.

ದೆಹಲಿಯ ಏಮ್ಸ್ ಮಾಡಿದ, 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಅಥವಾ ಚರಸ್ ಬಳಸಿದ ಭಾರತೀಯರು ಸುಮಾರು 1.3 ಕೋಟಿ. ಭಂಗಿ ತಿಂದವರು, ಕುಡಿದವರು ಬೇರೆ. ಇಷ್ಟು ಜನಕ್ಕೆ ‘ಸೇದಬೇಡಿ’ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಸೇದದಿರುವುದೇ ಎಲ್ಲಕ್ಕಿಂತ ಕ್ಷೇಮ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತು ಕೇಳಿಯೂ ಸೇದುವವನಿಗೆ ಮುಂದಿನ ಮಾತು ಬೇಕಲ್ವಾ? ಹಾನಿಯನ್ನಾದರೂ ಕಡಿಮೆ ಮಾಡಿಕೋ ಅಂತ ಹೇಳುವುದು ತಪ್ಪಿಗೆ ಪರವಾನಗಿ ಕೊಟ್ಟ ಹಾಗೆ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಆ ತಂಬಾಕಿನ ವಿಷಯ. ಯಾಕೆ ಬೆರೆಸುತ್ತೀರಿ ಅಂತ ಕೇಳಿದರೆ ಮೂರು ಕಾರಣ ಹೇಳುತ್ತಾರೆ: ಸಮನಾಗಿ ಉರಿಯುತ್ತೆ, ಮಾಲು ಉಳಿಯುತ್ತೆ, ಕಿಕ್ ಜಾಸ್ತಿ. ಮೂರೂ ನಿಜವೇ. ಆದರೆ ಆ ಕಿಕ್‌ನಲ್ಲಿ ಒಂದು ಪಾಲು ನಿಕೋಟಿನ್ನಿನದು. ನನ್ನ ರೂಮಿನ ಗೆಳೆಯನೊಬ್ಬ ತಾನು ಸಿಗರೇಟು ಸೇದುವವನೇ ಅಲ್ಲ ಅಂತ ವಾದಿಸುತ್ತಿದ್ದ. ವಾರದಲ್ಲಿ ಮೂರ್ನಾಲ್ಕು ಜಾಯಿಂಟು, ಅಂದರೆ ಹಾಗೆ ಗಾಂಜಾ ತುಂಬಿದ ಸಿಗರೇಟು, ಅಷ್ಟೇ. ಒಂದು ಸಲ ಮಾಲು ಸಿಗದೆ ಒಣಗಿದ ವಾರದಲ್ಲಿ ಅವನು ಬೆಳಗ್ಗೆ ಎದ್ದವನೇ ಟೀ ಅಂಗಡಿಗೆ ಹೋಗಿ ಬಿಡಿ ಸಿಗರೇಟು ಕೊಳ್ಳತೊಡಗಿದ. ತನಗೆ ಬೇಕಾಗಿದ್ದು ಗಾಂಜಾ ಅಂದುಕೊಂಡಿದ್ದ. ದೇಹ ಕೇಳುತ್ತಿದ್ದುದು ನಿಕೋಟಿನ್. ಆಮೇಲೆ ಮಾಲು ಸಿಕ್ಕಿತು, ಸಿಗರೇಟು ಬಿಡಲಿಲ್ಲ.

ಅಮೆರಿಕದಲ್ಲಿ ಹೆಚ್ಚಿನವರು ತಂಬಾಕು ಬೆರೆಸದೆ ಬರೀ ಸೊಪ್ಪನ್ನೇ ಸೇದುತ್ತಾರೆ. ನಮ್ಮಲ್ಲಿ, ಯುರೋಪಿನ ಹಲವು ಕಡೆ ಬೆರೆಸುವುದೇ ರೂಢಿ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಬಹುತೇಕ ಅಮೆರಿಕದವು. ಹಾಗಾಗಿ ನಮ್ಮ ಹುಡುಗರು ಅದನ್ನು ಓದಿ ‘ಗಾಂಜಾಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ಸಾಬೀತಾಗಿಲ್ಲ’ ಅಂತ ಖುಷಿಪಡುತ್ತಾರೆ. ಆ ಮಾತು ಸುಳ್ಳಲ್ಲ. ಲಾಸ್ ಏಂಜಲೀಸ್‌ನ ಶ್ವಾಸಕೋಶ ತಜ್ಞ ಡೊನಾಲ್ಡ್ ಟಾಷ್ಕಿನ್ ದಶಕಗಳ ಕಾಲ ಇದನ್ನೇ ಹುಡುಕಿದವರು. 2006ರಲ್ಲಿ ಅವರ ದೊಡ್ಡ ಅಧ್ಯಯನದಲ್ಲಿ, ಅವರ ನಿರೀಕ್ಷೆಗೆ ವಿರುದ್ಧವಾಗಿ, ಅಂಥ ಸಂಬಂಧ ಕಾಣಲಿಲ್ಲ. ಆದರೆ ತಂಬಾಕಿನ ಕತೆ ಸಾಬೀತಾಗಿ ಎಷ್ಟೋ ಕಾಲವಾಯಿತು. ಅನುಮಾನವಿರುವ ಹೊಗೆಗೆ, ಅನುಮಾನವೇ ಇಲ್ಲದ ಹೊಗೆಯನ್ನು ಕೈಯಾರೆ ಬೆರೆಸುತ್ತಿದ್ದೇವೆ. ಸೇದುವವನು ಒಂದೇ ಒಂದು ಬದಲಾವಣೆ ಮಾಡಿಕೊಳ್ಳುವುದಾದರೆ ಅದು ತಂಬಾಕು ಬಿಡುವುದು ಅಂತ ನಾನು ಹೇಳುತ್ತೇನೆ. ಬಿಟ್ಟ ಮೊದಲ ದಿನಗಳಲ್ಲಿ ಸಿಡಿಮಿಡಿ ಆದರೆ ಅದು ನಿಕೋಟಿನ್ನಿನ ಕೊರತೆ ಅಂತ ಗೊತ್ತಿರಲಿ. ಅದಕ್ಕೆ ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಇನ್ನೊಂದು ಎಚ್ಚರ: ತಂಬಾಕು ತೆಗೆದ ಜಾಗಕ್ಕೆ ಇನ್ನಷ್ಟು ಸೊಪ್ಪು ತುಂಬಿದರೆ ಲಾಭವೆಲ್ಲ ಹೋಯಿತು. ಜಾಯಿಂಟೇ ಚಿಕ್ಕದಾಗಬೇಕು.

ಕ್ಯಾನ್ಸರ್ ಇಲ್ಲ ಅಂದ ಮಾತ್ರಕ್ಕೆ ಎದೆಗೆ ಏನೂ ಆಗಲ್ಲ ಅಂತಲ್ಲ. ಬೆಳಗಿನ ಕೆಮ್ಮು, ಕಫ, ಉಸಿರಾಡುವಾಗ ಗೊರಗೊರ, ಪದೇ ಪದೇ ಬರುವ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ), ಇವು ದಿನಾ ಸೇದುವವರಲ್ಲಿ ಜಾಸ್ತಿ ಅನ್ನುವುದು ಗಟ್ಟಿಯಾಗಿ ಗೊತ್ತಾಗಿರುವ ಸಂಗತಿ. ನಿಲ್ಲಿಸಿದರೆ ಕಡಿಮೆಯಾಗುತ್ತವೆ ಅನ್ನುವುದೂ ಅಷ್ಟೇ. ಇದಕ್ಕೆ ಸೇದುವ ರೀತಿಯೂ ಒಂದು ಕಾರಣ. ಇದೇ ಟಾಷ್ಕಿನ್ ತಂಡ 1988ರಲ್ಲಿ ಹದಿನೈದು ಜನರನ್ನು ಕೂರಿಸಿಕೊಂಡು ಅಳತೆ ಮಾಡಿತು. ಗಾಂಜಾ ಸೇದುವಾಗ ಜನ ಸಿಗರೇಟಿಗಿಂತ ದೊಡ್ಡ ದಮ್ಮು ಎಳೆಯುತ್ತಾರೆ, ಒಳಗೆ ನಾಲ್ಕು ಪಟ್ಟು ಹೆಚ್ಚು ಹೊತ್ತು ತಡೆದಿಟ್ಟುಕೊಳ್ಳುತ್ತಾರೆ. ಪರಿಣಾಮವಾಗಿ ಎದೆಗೆ ಹೋದ ಟಾರ್, ಅಂದರೆ ಹೊಗೆಯಲ್ಲಿನ ಅಂಟು ಕಲ್ಮಷ, ಸುಮಾರು ಮೂರು ಪಟ್ಟು, ರಕ್ತಕ್ಕೆ ಸೇರಿದ ಕಾರ್ಬನ್ ಮಾನಾಕ್ಸೈಡ್ ಹತ್ತಿರ ಹತ್ತಿರ ಐದು ಪಟ್ಟು.

ಆ ತಡೆದಿಡುವ ಆಟ ನಮ್ಮ ಟೆರೇಸಿನಲ್ಲೂ ಇತ್ತು. ಹೊಸಬನಿಗೆ ಮೊದಲು ಹೇಳಿಕೊಡುವ ಪಾಠವೇ ಅದು. ‘ಬಿಡಬೇಡ ಮಗಾ, ತಡಿ, ತಡಿ, ಇನ್ನೂ ತಡಿ.’ ಅವನ ಕಣ್ಣಲ್ಲಿ ನೀರು ಬರುತ್ತದೆ, ಕೆನ್ನೆ ಉಬ್ಬುತ್ತದೆ, ಕೊನೆಗೆ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕೂರುತ್ತಾನೆ. ಎಲ್ಲರಿಗೂ ನಗು. ಪ್ರಯೋಗಶಾಲೆಯಲ್ಲಿ ನೋಡಿದಾಗ, ಉಸಿರು ತಡೆದದ್ದರಿಂದ ಅಮಲು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಟಿಎಚ್‌ಸಿ, ಅಂದರೆ ಅಮಲು ತರಿಸುವ ಅಂಶ, ಮೊದಲ ಕ್ಷಣಗಳಲ್ಲೇ ರಕ್ತಕ್ಕೆ ಇಳಿದುಬಿಟ್ಟಿರುತ್ತದೆ. ಆಮೇಲೆ ಒಳಗೆ ಕೂರುವುದು ಬರೀ ಟಾರ್. ಉಸಿರುಗಟ್ಟಿ ತಲೆ ತಿರುಗುವುದನ್ನೇ ಅಮಲು ಅಂದುಕೊಳ್ಳುತ್ತಾರೆ. ಚಿಕ್ಕ ದಮ್ಮು ಎಳೆದು ತಕ್ಷಣ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಪುಗಸಟ್ಟೆ ಸಿಗುವ ಲಾಭ ಇದೊಂದೇ ಇರಬೇಕು.

ಚಿಲುಮೆಯದು ಇನ್ನೊಂದು ಕತೆ. ಮಣ್ಣಿನ ಕೊಳವೆಯ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಎರಡೂ ಕೈ ಕೂಡಿಸಿ ಹಿಡಿದು, ಒಬ್ಬರಾದ ಮೇಲೆ ಒಬ್ಬರು ಎಳೆಯುವುದು. ಜಾತ್ರೆ, ಮಠದ ಹಿತ್ತಲು, ಗೋಕರ್ಣದ ಬೀಚು, ಎಲ್ಲೇ ಆದರೂ ಅದು ಕೈಯಿಂದ ಕೈಗೆ ಹೋಗಲೇಬೇಕು. ಹಂಚಿಕೊಳ್ಳದಿದ್ದರೆ ಜಿಪುಣ ಅನ್ನುತ್ತಾರೆ. ಆ ಬಟ್ಟೆಯನ್ನು ಹತ್ತಿರದಿಂದ ನೋಡಿದ್ದೀರಾ? ಕಂದು ಬಣ್ಣಕ್ಕೆ ತಿರುಗಿ, ಅಂಟಂಟಾಗಿ, ಎಲ್ಲರ ಎಂಜಲೂ ಸೇರಿಕೊಂಡಿರುತ್ತದೆ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವುದು ನಮ್ಮ ದೇಶದಲ್ಲಿ. ಟಿಬಿ ಹರಡುವುದು ಎಂಜಲಿಗಿಂತ ಹೆಚ್ಚಾಗಿ ಕೆಮ್ಮಿನ ಗಾಳಿಯಿಂದ. ಮುಚ್ಚಿದ ರೂಮಿನಲ್ಲಿ ಸುತ್ತ ಕೂತು, ಎಲ್ಲರೂ ಕೆಮ್ಮುತ್ತಾ ಸೇದುವುದು ಅದಕ್ಕೆ ಹೇಳಿ ಮಾಡಿಸಿದ ಏರ್ಪಾಡು. ಆಸ್ಟ್ರೇಲಿಯಾದಲ್ಲಿ ಒಂದೇ ಬಾಂಗ್ (ನೀರಿನ ಮೂಲಕ ಹೊಗೆ ಎಳೆಯುವ ಕೊಳವೆ) ಹಂಚಿಕೊಂಡು ಸೇದಿದ ಯುವಕರ ಗುಂಪಿನಲ್ಲಿ ಟಿಬಿ ಹಬ್ಬಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಅವರವರದು ಅವರವರಿಗೆ ಇರಲಿ, ಕಿಟಕಿ ತೆರೆದಿರಲಿ. ಎರಡು ವಾರ ಮೀರಿದ ಕೆಮ್ಮನ್ನು ‘ಅದು ಸೇದೋದ್ರಿಂದ ಬಿಡು’ ಅಂತ ತಳ್ಳಿಹಾಕದೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೇಳುವುದಿಲ್ಲ.

ಬಾಂಗ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಟಾರನ್ನು ಸೋಸಿ ತೆಗೆಯುವುದಿಲ್ಲ. ತಣ್ಣಗಿದೆ ಅಂತ ಇನ್ನೂ ದೊಡ್ಡ ದಮ್ಮು ಎಳೆಯುತ್ತಾರೆ, ಅಷ್ಟೇ ವ್ಯತ್ಯಾಸ. ಸೊಪ್ಪನ್ನು ಸುಡದೆ ಬರೀ ಬಿಸಿ ಮಾಡುವ ವೇಪರೈಸರಿನಲ್ಲಿ ಕಾರ್ಬನ್ ಮಾನಾಕ್ಸೈಡು ಬಹಳ ಕಡಿಮೆ, ಕೆಮ್ಮು ಕಫವೂ ಕಡಿಮೆ. ಆದರೆ ಎಣ್ಣೆ ತುಂಬಿದ ಕಾರ್ಟ್ರಿಜ್ ಬೇರೆಯೇ ವಸ್ತು. 2019ರಲ್ಲಿ ಅಮೆರಿಕದಲ್ಲಿ ಕಳ್ಳಮಾರುಕಟ್ಟೆಯ ಟಿಎಚ್‌ಸಿ ಕಾರ್ಟ್ರಿಜ್‌ಗಳಿಗೆ ವಿಟಮಿನ್ ಇ ಅಸಿಟೇಟ್ ಬೆರೆಸಿದ್ದರು. 2020ರ ಫೆಬ್ರುವರಿ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, ಸತ್ತವರು 68. ಇ-ಸಿಗರೇಟುಗಳ ಮಾರಾಟ, ಆಮದು ನಮ್ಮಲ್ಲಿ 2019ರಿಂದ ನಿಷೇಧ. ಅಂದರೆ ಬೆಂಗಳೂರಿನಲ್ಲಿ ಯಾರಾದರೂ ಅಂಥದ್ದು ಕೊಟ್ಟರೆ ಅದು ಎಲ್ಲಿಂದ ಬಂತು, ಒಳಗೆ ಏನಿದೆ ಅಂತ ಕೇಳಲು ಯಾರೂ ಇಲ್ಲ.

ಹೊಗೆಯೇ ಬೇಡ ಅಂತ ತಿನ್ನಲು ಹೊರಡುವವರಿದ್ದಾರೆ. ಶ್ವಾಸಕೋಶಕ್ಕೆ ಒಳ್ಳೆಯದೇ. ಆದರೆ ಸೇದಿದರೆ ನಿಮಿಷಗಳಲ್ಲಿ ಗೊತ್ತಾಗುವುದು, ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಕಾಯಿಸುತ್ತದೆ. ಪಾರ್ಟಿಯಲ್ಲಿ ಒಂದು ತುಂಡು ಬ್ರೌನಿ ತಿಂದು, ಮುಕ್ಕಾಲು ಗಂಟೆ ನೋಡಿ, ‘ಏನೂ ಆಗ್ಲಿಲ್ವಲ್ಲ’ ಅಂತ ಇನ್ನೆರಡು ತಿಂದವರು ಮಧ್ಯರಾತ್ರಿ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡುತ್ತಾರೆ. ಕೆನಡಾದಲ್ಲಿ ತಿನ್ನುವ ಪದಾರ್ಥದ ಒಂದು ಪ್ಯಾಕೆಟ್ಟಿನಲ್ಲಿ ಹತ್ತು ಮಿಲಿಗ್ರಾಂ ಟಿಎಚ್‌ಸಿಗಿಂತ ಹೆಚ್ಚು ಇರುವ ಹಾಗಿಲ್ಲ. ಹೊಸಬರು ಅದರಲ್ಲೂ ಕಾಲು ಭಾಗ ತಿಂದು ಕಾಯಿರಿ ಅನ್ನುತ್ತಾರೆ. ನಮ್ಮ ಭಂಗಿ ಲಡ್ಡುವಿನಲ್ಲಿ ಎಷ್ಟಿದೆ ಅಂತ ಅದನ್ನು ಕಟ್ಟಿದವನಿಗೂ ಗೊತ್ತಿರುವುದಿಲ್ಲ.

ಕೆನಡಾದ ಬ್ರಾಂಪ್ಟನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಒಮ್ಮೆ ಅಲ್ಲಿನ ಅಂಗಡಿಯ ಪ್ಯಾಕೆಟ್ಟಿನ ಫೋಟೋ ಕಳಿಸಿದ್ದ. ‘ನೋಡಣ್ಣಾ, ಮಾತ್ರೆ ಡಬ್ಬಿ ಇದ್ದ ಹಾಗಿದೆ’ ಅಂತ. ಎಂಟು ಮೂಲೆಯ ಕೆಂಪು ಚಿಹ್ನೆ, ಹಳದಿ ಚೌಕದೊಳಗೆ ಎಚ್ಚರಿಕೆ, ಒಂದು ಗ್ರಾಮಿನಲ್ಲಿ ಟಿಎಚ್‌ಸಿ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಅಲ್ಲಿ 2018ರ ಅಕ್ಟೋಬರ್ 17ರಿಂದ ಇದು ಕಾನೂನುಬದ್ಧ. ಅದಕ್ಕೂ ಮುಂಚೆಯೇ, 2011ರಲ್ಲಿ, ಸಂಶೋಧಕ ಬೆನೆಡಿಕ್ಟ್ ಫಿಷರ್ ಮತ್ತು ಜೊತೆಗಾರರು ಕಡಿಮೆ ಅಪಾಯದ ಬಳಕೆಗೆ ಮಾರ್ಗಸೂಚಿ ಬರೆದಿದ್ದರು. ಅದರ ಮೊದಲ ಸಲಹೆಯೇ ಬಳಸದಿರುವುದು. ಆಮೇಲೆ ಉಳಿದದ್ದು. ನಮ್ಮ ಪೊಟ್ಟಣದ ಮೇಲೆ ಯಾವ ಲೆಕ್ಕವೂ ಇಲ್ಲ. ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ಇಟ್ಟಿಗೆಯ ಹಾಗೆ ಒತ್ತಿ, ಪ್ಲಾಸ್ಟಿಕ್ ಸುತ್ತಿ, ಬಸ್ಸಿನ ಡಿಕ್ಕಿಯಲ್ಲಿ ಬೆವೆತು ಬಂದ ಮಾಲು. ಮುಗ್ಗಲು ವಾಸನೆ ಬಂದರೆ, ಬಿಳಿ ಬೂಷ್ಟು ಕಂಡರೆ ಬಿಸಾಕಬೇಕು. ಬೆಂಕಿ ಹಚ್ಚಿದರೆ ಬೂಷ್ಟು ಸಾಯುತ್ತದೆ ಅನ್ನುವುದು ಸುಳ್ಳು. ಕಿಮೋಥೆರಪಿಯಲ್ಲಿರುವವರಿಗೆ, ಕಿಡ್ನಿ ಕಸಿ ಆದವರಿಗೆ ಆ ಬೂಷ್ಟು ಶ್ವಾಸಕೋಶದಲ್ಲಿ ಬೆಳೆದು ಜೀವಕ್ಕೇ ಕುತ್ತು ತರಬಹುದು.

ಸ್ಟ್ರಾಂಗ್ ಮಾಲು ಅಂದರೆ ಒಳ್ಳೆಯ ಮಾಲು ಅನ್ನುವ ಲೆಕ್ಕಾಚಾರವೂ ತಲೆಕೆಳಗು. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಸುಮಾರು 4 ಶೇಕಡ ಇತ್ತು. 2021ರಲ್ಲಿ 15 ದಾಟಿತ್ತು. ಈಗ ಬೆಂಗಳೂರಿಗೆ ‘ಹೈಡ್ರೋ’ ಅನ್ನುವ ಹೆಸರಿನಲ್ಲಿ ಬರುವುದು ಇಂಥ ಗಟ್ಟಿ ತಳಿಯೇ. 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರ ಮುಂದಾಳತ್ವದಲ್ಲಿ ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದ ಅಧ್ಯಯನ ಹೊರಬಂತು. ದಿನಾ ಸೇದುವವರಲ್ಲಿ ಸೈಕೋಸಿಸ್, ಅಂದರೆ ಇಲ್ಲದ್ದು ಕೇಳಿಸುವ, ಎಲ್ಲರೂ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಅನ್ನಿಸುವ ಸ್ಥಿತಿ, ಸೇದದವರಿಗಿಂತ ಮೂರು ಪಟ್ಟು ಹೆಚ್ಚು ಕಂಡಿತು. ದಿನಾ ಸೇದುವುದೂ ಗಟ್ಟಿ ಮಾಲೇ ಆದರೆ ಐದು ಪಟ್ಟಿನ ಹತ್ತಿರ.

ಇಲ್ಲಿ ನಾನು ಯಾವ ಜಾಣತನದ ಸಲಹೆಯನ್ನೂ ಕೊಡುವುದಿಲ್ಲ. ಅಪ್ಪ, ಅಮ್ಮ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ಮನೋರೋಗ ಇದ್ದರೆ ಮುಟ್ಟಲೇಬಾರದು. ನಮ್ಮ ಮನೆಗಳಲ್ಲಿ ಇದು ಗೊತ್ತಾಗುವುದೇ ಕಷ್ಟ. ‘ನಿಮ್ಮ ಸೋದರಮಾವ ಊರು ಬಿಟ್ಟು ಹೋದರು’ ಅಂತಷ್ಟೇ ಹೇಳಿರುತ್ತಾರೆ. ಯಾಕೆ ಹೋದರು ಅಂತ ಅಜ್ಜಿಯನ್ನು ಒಂದು ಸಲ ಕೂತು ಕೇಳುವುದು ಒಳ್ಳೆಯದು. ಸೇದಿದಾಗ ಒಮ್ಮೆಯಾದರೂ ಆ ಥರದ ಸಂಶಯ, ಭಯ ಹತ್ತಿದವರಿಗೂ ಅದೇ ಮಾತು. ಹದಿಹರೆಯದವರಿಗೆ, ಬಸುರಿಯರಿಗೆ, ಹೃದಯದ ತೊಂದರೆ ಇರುವವರಿಗೆ ಕೂಡ. ಸೇದಿದ ತಕ್ಷಣ ಎದೆ ಬಡಿತ ಏರುತ್ತದೆ. ಇಪ್ಪತ್ತರವನಿಗೆ ಅದು ಮಜಾ, ಸ್ಟೆಂಟ್ ಹಾಕಿಸಿಕೊಂಡವನಿಗೆ ಅಲ್ಲ. ವಯಸ್ಸಿನ ಮಿತಿ ಕೆನಡಾದಲ್ಲೂ ಇದೆ. ಕ್ವಿಬೆಕ್ ಪ್ರಾಂತ್ಯ 2020ರಲ್ಲಿ ಅದನ್ನು 21ಕ್ಕೇರಿಸಿತು.

ಉಳಿದವರಿಗೆ, ಹೇಗೆ ಸೇದುತ್ತಾರೆ ಅನ್ನುವುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಅನ್ನುವುದೇ ದೊಡ್ಡದು. ಚಟ, ಮರೆವು, ಕೆಲಸದಲ್ಲಿ ಹಿಂದೆ ಬೀಳುವುದು, ಮೇಲೆ ಹೇಳಿದ ಸೈಕೋಸಿಸ್, ಎಲ್ಲವೂ ದಿನಾ ಸೇದುವವರ ಸುತ್ತಲೇ ಸೇರಿಕೊಂಡಿವೆ. ವಾರಕ್ಕೆ ಒಂದೋ ಎರಡೋ ದಿನ, ಅದಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ ಆ ಕೆನಡಾ ಮಾರ್ಗಸೂಚಿಯ ಆಮೇಲಿನ ಪರಿಷ್ಕೃತ ರೂಪ. ಶುಕ್ರವಾರ ರಾತ್ರಿಯದ್ದು ಬುಧವಾರಕ್ಕೆ ಬಂದು, ಬುಧವಾರದ್ದು ‘ನಿದ್ದೆ ಬರಲ್ಲ’ ಅನ್ನುವ ನೆಪದಲ್ಲಿ ದಿನಾ ಆಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸೇದಿದ ಮೇಲೆ ಕನಿಷ್ಠ ಆರು ಗಂಟೆ ಗಾಡಿ ಮುಟ್ಟಬಾರದು ಅನ್ನುವುದೂ ಅಲ್ಲಿದೆ. ನಂದಿಬೆಟ್ಟಕ್ಕೆ ಬೆಳಗಿನ ಜಾವ ಬೈಕಲ್ಲಿ ಹೊರಡುವ ಗುಂಪುಗಳಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ, ಹೇಳಬೇಕು.

ಈಗ ಡಾಕ್ಟರ ವಿಷಯ. ಒಪಿಡಿಯಲ್ಲಿ ನಡೆಯುವುದು ಹೀಗೆ. ಮಗನ ಪಕ್ಕದಲ್ಲಿ ಅಮ್ಮ ಕೂತಿರುತ್ತಾರೆ, ಹಿಂದೆ ಇನ್ನೂ ನಾಲ್ಕು ಜನ ಫೈಲು ಹಿಡಿದು ನಿಂತಿರುತ್ತಾರೆ. ಡಾಕ್ಟರು ಬರೆಯುತ್ತಲೇ ಕೇಳುತ್ತಾರೆ, ‘ಬೀಡಿ, ಸಿಗರೇಟು, ಡ್ರಿಂಕ್ಸ್ ಏನಾದ್ರೂ ಇದೆಯೇನಪ್ಪಾ?’ ಹುಡುಗ ‘ಇಲ್ಲ ಸಾರ್’ ಅನ್ನುತ್ತಾನೆ. ಗಾಂಜಾದ ಹೆಸರನ್ನು ಡಾಕ್ಟರೂ ಎತ್ತುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗ ತಿಂಗಳುಗಟ್ಟಲೆ ವಾಂತಿ ಮಾಡಿಕೊಂಡ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು, ಎಂಡೋಸ್ಕೋಪಿ ಮಾಡಿಸಿದರು, ಮನೆಯವರು ದೃಷ್ಟಿ ತೆಗೆಸಿದರು. ಅವನಿಗೆ ಸಮಾಧಾನ ಸಿಗುತ್ತಿದ್ದುದು ಬಿಸಿನೀರಿನ ಸ್ನಾನದಲ್ಲಿ ಮಾತ್ರ. ಗೀಸರ್ ಹಾಕಿಕೊಂಡು ಬಚ್ಚಲಲ್ಲೇ ಕೂತುಬಿಡುತ್ತಿದ್ದ. ದಿನಾ ಸೇದುವವರಲ್ಲಿ ಬರುವ ಈ ವಾಂತಿಯ ಕಾಯಿಲೆಯನ್ನು, ಬಿಸಿನೀರಿನ ಸ್ನಾನದ ಗುರುತಿನ ಸಮೇತ, 2004ರಲ್ಲೇ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ವಿವರಿಸಿದ್ದಾರೆ. ಮದ್ದು ಒಂದೇ, ಸೇದುವುದನ್ನು ನಿಲ್ಲಿಸುವುದು. ಅಮ್ಮ ಹೊರಗೆ ಹೋದ ಮೇಲೆ ಒಬ್ಬ ಯುವ ಡಾಕ್ಟರು ನೇರವಾಗಿ ಕೇಳಿದರು, ಅವನು ಹೇಳಿದ. ಅಲ್ಲಿಗೆ ಪರೀಕ್ಷೆಗಳು ನಿಂತವು.

ಆಪರೇಷನ್ ಇದ್ದರಂತೂ ಅನಸ್ತೇಷಿಯಾ ಕೊಡುವವರಿಗೆ ಹೇಳಲೇಬೇಕು. ದಿನಾ ಸೇದುವವರಿಗೆ ಮಂಪರಿನ ಔಷಧ ಹೆಚ್ಚು ಬೇಕಾಗಬಹುದು. ಅದು ಅವರಿಗೆ ಮೊದಲೇ ಗೊತ್ತಿರಬೇಕು.

ಹೇಳಿದರೆ ಪೊಲೀಸರಿಗೆ ಹೋಗುತ್ತದೆ ಅನ್ನುವ ಹೆದರಿಕೆಯೇ ಎಲ್ಲರ ಬಾಯಿ ಕಟ್ಟಿರುವುದು. 2007ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಯುವಕರು ಹೊಟ್ಟೆನೋವು, ರಕ್ತಹೀನತೆ ಅಂತ ಒಬ್ಬೊಬ್ಬರಾಗಿ ಆಸ್ಪತ್ರೆಗೆ ಬಂದರು. ರಕ್ತದಲ್ಲಿ ಸೀಸ ಸಿಕ್ಕಿತು. ತೂಕ ಹೆಚ್ಚಿಸಲು ಮಾರುವವರು ಗಾಂಜಾಕ್ಕೆ ಸೀಸದ ಪುಡಿ ಬೆರೆಸಿದ್ದರು. ಆಗ ಅಲ್ಲಿ ಗಾಂಜಾ ಕಾನೂನುಬಾಹಿರವೇ. ಆದರೂ ಹೆಸರು ಹೇಳದೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಹಾಗೆ ಬಂದವರಲ್ಲಿ ಇನ್ನೂ ಎಷ್ಟೋ ಜನರ ಮೈಯಲ್ಲಿ ವಿಷ ಸಿಕ್ಕಿತು. ನಮ್ಮೂರಲ್ಲಿ ಅಂಥದ್ದೇ ಬೆರಕೆ ಆದರೆ ಎಷ್ಟು ಜನ ಮುಂದೆ ಬರುತ್ತಾರೆ?

ನಮ್ಮ ಕಾನೂನಿನ ಭಯ ಸುಮ್ನೆ ಹುಟ್ಟಿದ್ದಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ 27ನೇ ಸೆಕ್ಷನ್ನಿನಲ್ಲಿ ಗಾಂಜಾ ಸೇದಿದ್ದಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ಅದೇ ಕಾಯ್ದೆಯಲ್ಲಿ 64ಎ ಅಂತ ಇನ್ನೊಂದಿದೆ. ಚಟಕ್ಕೆ ಬಿದ್ದವನು ಸ್ವಂತ ಬಳಕೆಯ ಕೇಸಿನಲ್ಲಿ ಸಿಕ್ಕಿಬಿದ್ದರೂ, ತಾನಾಗಿ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಪೂರ್ತಿ ಮುಗಿಸಿದರೆ ಆ ಮೊಕದ್ದಮೆಯಿಂದ ರಕ್ಷಣೆ ಉಂಟು. ವಕೀಲರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ.

ಬಿಡಬೇಕು ಅನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ವಿಭಾಗವಿದೆ. ದೂರದ ಊರಿನವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದಿನಾ ಸೇದಿ ನಿಲ್ಲಿಸಿದವರನ್ನು ಮತ್ತೆ ಎಳೆಯುವುದು ಹೆಚ್ಚಾಗಿ ನಿದ್ದೆ. ಮೊದಲ ವಾರ ಕಣ್ಣು ಮುಚ್ಚುವುದಿಲ್ಲ, ಮುಚ್ಚಿದರೆ ವಿಚಿತ್ರ ಕನಸು, ಊಟ ಸೇರಲ್ಲ, ಮನೆಯವರ ಮೇಲೆ ರೇಗಾಟ. ‘ನೋಡಿದ್ಯಾ, ಇದಿಲ್ಲದೆ ನನಗೆ ಆಗಲ್ಲ’ ಅಂತ ಮತ್ತೆ ಹಚ್ಚುತ್ತಾರೆ. ಇದೆಲ್ಲ ಮೊದಲ ವಾರದಲ್ಲಿ ತಾರಕಕ್ಕೇರಿ, ಸಾಮಾನ್ಯವಾಗಿ ಎರಡು ವಾರಗಳಲ್ಲಿ ಇಳಿಯುತ್ತದೆ. ನಿದ್ದೆ ಮಾತ್ರ ಕೆಲವರಿಗೆ ಇನ್ನೂ ಸ್ವಲ್ಪ ಸತಾಯಿಸುತ್ತದೆ. ಆ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಮಾತಾಡಲು ಯಾರಾದರೂ ಬೇಕಾದರೆ, ಆ ನಂಬರು ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ.